ತಪ್ಪೊಪ್ಪಿಗೆ ಚೌಕಾಸಿಯಿಂದ ಹಿಂದೆ ಸರಿಯುವುದು ಹೇಗೆ?

ಏಳು ವರ್ಷ ಮೀರದ ಶಿಕ್ಷೆಯ ಬಹುತೇಕ ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ‘ಪ್ಲೀ ಬಾರ್ಗೇನಿಂಗ್’ 2006ರಿಂದ ನಮ್ಮಲ್ಲಿದ್ದು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಸೆಕ್ಷನ್‌ಗಳಡಿ ನಡೆಯುತ್ತಿದೆ. ಅರ್ಜಿ ಹಾಕಿದ ಮೇಲೆ ಹಿಂದೆ ಸರಿಯಲೆಂದೇ ಪ್ರತ್ಯೇಕ ಸೆಕ್ಷನ್ ಇಲ್ಲದಿದ್ದರೂ, ಅದಕ್ಕೆ ಎರಡು ಹಂತಗಳಲ್ಲಿ ಅವಕಾಶವಿದೆ. ಪ್ರಕರಣ ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ಆರ್ಡರ್ ಶೀಟ್ (ನ್ಯಾಯಾಲಯ ಪ್ರತಿ ಸಲದ ಆದೇಶ ಬರೆದಿಡುವ ಹಾಳೆ) ನೋಡಿ ತಿಳಿದುಕೊಳ್ಳಿ.

ಹೆಚ್ಚಿನವರು ಎಡವುವುದು ಮೊದಲ ಹಂತವಾದ ಗೋಪ್ಯ ವಿಚಾರಣೆಯಲ್ಲಿ. ಅರ್ಜಿಯನ್ನು ಸ್ವಇಚ್ಛೆಯಿಂದ ಹಾಕಲಾಗಿದೆಯೇ ಎಂದು ತಿಳಿಯಲು ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿರಿಸಿ ಆರೋಪಿಯನ್ನು ಪ್ರಶ್ನಿಸುತ್ತಾರೆ. ಅಲ್ಲಿ ‘ಹೌದು ಸ್ವಾಮಿ’ ಎಂದು ತಲೆಯಾಡಿಸಿ, ಹೊರಬಂದು ಕಾರಿಡಾರಿನಲ್ಲಿ ‘ಸಹಿ ಹಾಕಿದರೆ ಇವತ್ತೇ ಬಿಡುತ್ತಾರೆ ಅಂದಿದ್ದರು’ ಎಂದು ಗೋಳಾಡುವವರಿದ್ದಾರೆ. ಆ ಮಾತನ್ನು ಒಳಗೇ ಹೇಳಬೇಕು. ಯಾರು ಒತ್ತಾಯಿಸಿದರು, ಏನು ಆಸೆ ತೋರಿಸಿದರು, ಶಿಕ್ಷೆಯ ಪ್ರಮಾಣವನ್ನು ಯಾರಾದರೂ ವಿವರಿಸಿದ್ದರೇ ಎಂಬುದನ್ನು ಬಿಡಿಸಿ ಹೇಳಿ, ಅದು ದಾಖಲಾಗುವಂತೆ ಕೋರಿ. ಒಪ್ಪಿಗೆ ಸ್ವಇಚ್ಛೆಯದಲ್ಲವೆಂದು ನ್ಯಾಯಾಲಯಕ್ಕೆ ಕಂಡುಬಂದರೆ, ಅರ್ಜಿ ಹಾಕಿದ ಹಂತದಿಂದಲೇ ಮಾಮೂಲಿ ವಿಚಾರಣೆ ಮುಂದುವರಿಯುತ್ತದೆ.

ಎರಡನೆಯದು, ಸರ್ಕಾರಿ ವಕೀಲರು, ಸಂತ್ರಸ್ತರು ಮತ್ತು ಆರೋಪಿ ಸಭೆ ಸೇರಿ ಇತ್ಯರ್ಥದ ಷರತ್ತು ಮಾತಾಡುವ, 60 ದಿನ ಮೀರದ ಸಂಧಾನದ ಅವಧಿ. ಸಭೆಗೆ ವಕೀಲರಿಲ್ಲದೆ ಹೋಗಲೇಬೇಡಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಷರತ್ತು ಒಪ್ಪಿಗೆಯಾಗದಿದ್ದರೆ ಇತ್ಯರ್ಥದ ವರದಿಗೆ ಸಹಿ ಹಾಕಬೇಡಿ, ಸಂತ್ರಸ್ತರಿಗೆ ಕೊಡುವ ಪರಿಹಾರದ ಹಣವನ್ನು ಸಭೆಯ ಹೊರಗೆ ಯಾರ ಕೈಗೂ ಕೊಡಬೇಡಿ. ಒಮ್ಮತವಾಗಲಿಲ್ಲವೆಂದು ನ್ಯಾಯಾಲಯ ದಾಖಲಿಸಿದರೆ ವಿಚಾರಣೆ ಮತ್ತೆ ಹಳೆಯ ಹಂತಕ್ಕೆ ಮರಳುತ್ತದೆ. ಬಾಯಿಮಾತಿನಲ್ಲಿ ಬಿಡದೆ ಹಿಂದೆ ಸರಿಯುವ ಕಾರಣ ಬರೆದ ಮೆಮೊವನ್ನೂ (ನ್ಯಾಯಾಲಯಕ್ಕೆ ಕೊಡುವ ಚಿಕ್ಕ ಲಿಖಿತ ಮನವಿ) ಸಲ್ಲಿಸಿ. ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಹೆಸರು ತುಂಬಿದರೆ ಸಾಕೆನ್ನುವ ಸಿದ್ಧ ನಮೂನೆಗಳನ್ನು ನಾನಂತೂ ಮುಟ್ಟುವುದಿಲ್ಲ, ಏಕೆಂದರೆ ಅವುಗಳಲ್ಲಿ ನಿಮ್ಮ ಪ್ರಕರಣದ ಸಂಗತಿ ಒಂದೂ ಇರುವುದಿಲ್ಲ.

ಅರ್ಜಿಯಲ್ಲಿ ಒಪ್ಪಿಕೊಂಡದ್ದೇ ಮುಂದೆ ತಮಗೆ ಉರುಳಾಗುತ್ತದೆಂದು ಹೆದರಿ ಸುಮ್ಮನಾಗುವವರು 299ನೇ ಸೆಕ್ಷನ್ ಓದಬೇಕು: ಆ ಹೇಳಿಕೆಯನ್ನು ಪ್ಲೀ ಬಾರ್ಗೇನಿಂಗ್ ಅಧ್ಯಾಯದ ಉದ್ದೇಶಕ್ಕಲ್ಲದೆ ಬೇರಾವುದಕ್ಕೂ ಬಳಸುವಂತಿಲ್ಲ.

ತೀರ್ಪು ಬಂದ ಮೇಲೆ ಮಾತ್ರ ದಾರಿ ಕಿರಿದು. 295ನೇ ಸೆಕ್ಷನ್ ಪ್ರಕಾರ ಅದೇ ಅಂತಿಮ. ಸಂವಿಧಾನದ 226 ಮತ್ತು 227ನೇ ವಿಧಿಗಳಡಿ ಹೈಕೋರ್ಟಿಗೆ ರಿಟ್, ಇಲ್ಲವೇ 136ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, ಇಷ್ಟೇ ಉಳಿಯುತ್ತದೆ. ಅಲ್ಲಿ ಮನಸ್ಸು ಬದಲಾಯಿತೆಂದರೆ ನಡೆಯದು. ಒಪ್ಪಿಗೆ ಸ್ವಇಚ್ಛೆಯದಾಗಿರಲಿಲ್ಲ ಅಥವಾ ಕಾನೂನಿನ ಕ್ರಮ ಪಾಲನೆಯಾಗಲಿಲ್ಲ ಎಂಬುದನ್ನು ದಾಖಲೆಯಿಂದಲೇ ತೋರಿಸಬೇಕಾಗುತ್ತದೆ.