ಬೇಸಿಗೆಯ ವಿದ್ಯುತ್ ಬಿಲ್ಲು ಮಾಳಿಗೆಯಿಂದಲೇ ಇಳಿಯಬೇಕು

ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರದ ಕಡೆ ಬಿಸಿಲು ಎಷ್ಟು ಕಠಿಣವೆಂದರೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುವ ವಾಡಿಕೆ ಇದೆ. ಹಾಗಾಗಿ ಉಷ್ಣಾಂಶ 42 ಡಿಗ್ರಿ ದಾಟಿರುವ ಹೊತ್ತಿಗೆ ನೌಕರಿಯವರು, ರಜೆಯಲ್ಲಿರುವ ಮಕ್ಕಳು, ವಯಸ್ಸಾದವರು ಎಲ್ಲರೂ ಮನೆಯೊಳಗೇ ಇರುತ್ತಾರೆ; ಫ್ಯಾನು, ಕೂಲರು, ಎಸಿ ಎಲ್ಲವೂ ಒಟ್ಟಿಗೇ ತಿರುಗುತ್ತಿರುತ್ತವೆ. ಕಲಬುರಗಿಯಲ್ಲಿ ದಶಕಗಳಿಂದ ಸಂಸಾರ ನಡೆಸಿರುವ ನನ್ನನ್ನು ಹೊಸದಾಗಿ ಮನೆ ಹೂಡಿದ ಮಕ್ಕಳು ಕೇಳುವ ಮೊದಲ ಪ್ರಶ್ನೆ, ಯಾವ ಎಸಿ ಕೊಳ್ಳಬೇಕು ಎಂಬುದು. ಎಸಿಯ ಮಾತು ಕೊನೆಗಿರಲಿ, ಮೊದಲು ಮಾಳಿಗೆ ಹತ್ತಿ ನೋಡಿ ಬನ್ನಿ ಎಂದು ನಾನು ಹೇಳುತ್ತೇನೆ. ಒಳಗೆ ಬಂದ ಶಾಖವನ್ನು ಹೊರಗೆ ತಳ್ಳಲು ಪ್ರತಿದಿನವೂ ಹಣ ಬೇಕು. ಅದನ್ನು ಒಳಗೇ ಬಿಡದಿರಲು ವರ್ಷಕ್ಕೊಮ್ಮೆ ಅಲ್ಪ ಖರ್ಚು ಮಾಡಿದರೆ ಸಾಕು.

ನಮ್ಮ ಭಾಗದಲ್ಲಿ ಮೇ ತಿಂಗಳ ಮೊದಲರ್ಧದಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಂದರೆ ಆ ದಿನಗಳಲ್ಲಿ ಅತಿ ಹೆಚ್ಚು ಬಿಸಿಲು ಕುಡಿಯುವುದು ಗೋಡೆಯಲ್ಲ, ಛಾವಣಿ. ಹಳೆಯ ಕಾಲದ ಮಣ್ಣಿನ ಮಾಳಿಗೆ ದಪ್ಪವಾಗಿದ್ದುದರಿಂದ ಆ ಶಾಖ ಕೆಳಗಿಳಿಯುವಷ್ಟರಲ್ಲಿ ಹೊರಗೆ ರಾತ್ರಿಯ ತಂಪು ಬಂದಿರುತ್ತಿತ್ತು. ಈಗಿನ ಐದು ಇಂಚಿನ ಆರ್‌ಸಿಸಿ ಛಾವಣಿಯಾದರೋ ಮಧ್ಯಾಹ್ನ ಹೀರಿಕೊಂಡ ಬಿಸಿಯನ್ನು ಸಂಜೆಯಿಂದ ನಡುರಾತ್ರಿಯವರೆಗೆ ನಮ್ಮ ಮೇಲೆಯೇ ಸುರಿಸುತ್ತದೆ. ರಾತ್ರಿ ಒಂಬತ್ತಕ್ಕೆ ಸ್ಟೂಲಿನ ಮೇಲೆ ನಿಂತು ಸೂರಿಗೆ ಅಂಗೈ ಹಚ್ಚಿ ನೋಡಿದರೆ ಇದು ತಿಳಿಯುತ್ತದೆ. ಅಂಥ ಸೂರಿನ ಕೆಳಗೆ ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯೇ ಮೈಗೆ ಬೀಳುತ್ತದೆ.

ಇದಕ್ಕೆ ಅಗ್ಗದ ಮತ್ತು ಖಚಿತವಾದ ಉಪಾಯವೆಂದರೆ ಮಾಳಿಗೆಗೆ ಸುಣ್ಣ ಬಳಿಯುವುದು. ಬಿಳಿಯ ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಬಂದ ಹಾಗೆಯೇ ಹಿಂದಕ್ಕೆ ಕಳುಹಿಸುತ್ತದೆ. ಕೋಣೆಯ ಉಷ್ಣಾಂಶ ಎರಡು-ಮೂರು ಡಿಗ್ರಿಯಾದರೂ ಇಳಿಯುತ್ತದೆ. ಶಿವರಾತ್ರಿ ಮುಗಿದ ಮೇಲೆ, ಯುಗಾದಿಯ ಒಳಗೆ ಈ ಕೆಲಸ ಮುಗಿಯಬೇಕು. ಮೊದಲು ಕಸ, ಧೂಳು, ಹಳೆಯ ಪಾಚಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೊಳೆದು, ಬಿರುಕುಗಳಿದ್ದರೆ ತುಂಬಿ ಒಣಗಿಸಬೇಕು. ಧೂಳಿನ ಮೇಲೆ ಬಳಿದ ಸುಣ್ಣ ಹದಿನೈದು ದಿನದಲ್ಲಿ ಹೊಟ್ಟಿನಂತೆ ಎದ್ದು ಹೋಗುತ್ತದೆ. ಸುಣ್ಣದ ಹರಳನ್ನು ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ಅರಳಿಸಬೇಕು. ಹರಳಿನ ಮೇಲೆ ನೀರು ಸುರಿಯಬಾರದು, ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಹೋಗಬೇಕು. ಅದು ಕುದಿದು ಸಿಡಿಯುವುದರಿಂದ ಮಕ್ಕಳನ್ನು ಹತ್ತಿರ ಬಿಡಬಾರದು, ಕಣ್ಣಿಗೆ ಕನ್ನಡಕ ಮತ್ತು ಕೈಗೆ ರಬ್ಬರಿನ ಗವಸು ಇಲ್ಲದೆ ಮುಟ್ಟಬಾರದು. ಮರುದಿನ ಬಟ್ಟೆಯಲ್ಲಿ ಸೋಸಿ, ಹತ್ತು ಕಿಲೋ ಸುಣ್ಣಕ್ಕೆ ಸುಮಾರು ಒಂದು ಕಿಲೋ ಬಿಳಿ ಸಿಮೆಂಟು ಮತ್ತು ಕಾಲು ಕಿಲೋ ಬಿಳಿ ಗೋಂದು ಬೆರೆಸಿದರೆ ಅದು ಹಿಡಿದುಕೊಳ್ಳುತ್ತದೆ. ಬಳಿಯುವ ಮೊದಲು ನೆಲವನ್ನು ತುಸು ಒದ್ದೆ ಮಾಡಿಕೊಂಡು, ಬಿಸಿಲು ಇಳಿದ ಮೇಲೆ ಮೊದಲ ಕೈಯನ್ನು ಉದ್ದಕ್ಕೆ, ಮರುದಿನ ಸಂಜೆ ಎರಡನೆಯ ಕೈಯನ್ನು ಅಡ್ಡಕ್ಕೆ ಬಳಿಯಬೇಕು. ಸುಣ್ಣವನ್ನು ಪ್ರತಿವರ್ಷ ಹೊಸದಾಗಿ ಬಳಿಯಲೇಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಿಸಿಲು ತಡೆಯುವ ಬಿಳಿ ಬಣ್ಣ ಹೆಚ್ಚು ವರ್ಷ ಬಾಳುತ್ತದೆ, ಬೆಲೆಯೂ ಹೆಚ್ಚು. ಆದರೆ ಯಾವುದನ್ನು ಬಳಿದರೂ ಧೂಳು ಕುಳಿತರೆ ಅದರ ಗುಣ ಕುಂದುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಗುಡಿಸುವುದನ್ನು ಮರೆಯಬಾರದು.

ಸುಣ್ಣದ ಮೇಲೆ ನೆರಳೂ ಬಿದ್ದರೆ ಇನ್ನೂ ಒಳ್ಳೆಯದು. ಆರೇಳು ಅಡಿ ಎತ್ತರದಲ್ಲಿ ಹಸಿರು ನೆರಳುಬಲೆಯನ್ನು ಕಟ್ಟಿ, ಕೆಳಗೆ ಗಾಳಿಯಾಡಲು ಬಿಟ್ಟರೆ ಮಾಳಿಗೆಗೆ ಬಿಸಿಲು ತಾಗುವುದೇ ಕಡಿಮೆಯಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಬಿರುಗಾಳಿಗೆ ಅದು ಹಾರಿಹೋಗದಂತೆ ಅಂಚಿಗೆ ಗಟ್ಟಿ ಹಗ್ಗ ಪೋಣಿಸಿ ಕಟ್ಟಬೇಕು. ಸಂಜೆ ಮಾಳಿಗೆಗೆ ಕೊಡಗಟ್ಟಲೆ ನೀರು ಸುರಿಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ಊರುಗಳಲ್ಲಿ ಅದು ಸಲ್ಲದು, ಬಿರುಕಿರುವ ಛಾವಣಿಗೂ ಒಳ್ಳೆಯದಲ್ಲ.

ಛಾವಣಿಯ ನಂತರ ಪಡುವಣ ಗೋಡೆ ಮತ್ತು ಆ ಕಡೆಯ ಕಿಟಕಿಗಳು. ಮೂರು ಗಂಟೆಯ ಮೇಲೆ ಬಿಸಿಲು ಓರೆಯಾಗಿ ಕಿಟಕಿಯ ಗಾಜಿಗೇ ಬೀಳುತ್ತದೆ. ಒಳಗೆ ಎಂಥ ದಪ್ಪ ಪರದೆ ಹಾಕಿದರೂ ಗಾಜನ್ನು ದಾಟಿ ಬಂದ ಶಾಖ ಕೋಣೆಯಲ್ಲೇ ಉಳಿಯುವುದರಿಂದ, ಮರೆ ಇರಬೇಕಾದದ್ದು ಹೊರಗೆ. ಬಿದಿರಿನ ಸೀಳಿನ ಪರದೆ, ಹಳೆಯ ಚಾಪೆ, ನೆರಳುಬಲೆಯ ತುಂಡು, ಯಾವುದಾದರೂ ಸರಿ, ಕಿಟಕಿಯಿಂದ ಗೇಣು ದೂರದಲ್ಲಿ ತೂಗುಬಿಟ್ಟರೆ ಫಲ ಕಾಣುತ್ತದೆ. ಜಾಗವಿದ್ದರೆ ಪಡುವಣಕ್ಕೆ ಒಂದು ಬೇವಿನ ಸಸಿ ನೆಡಿ. ಒಮ್ಮೆ ಬೇರೂರಿದರೆ ನಮ್ಮ ಬಿಸಿಲಿಗೆ ಅದು ಜಗ್ಗುವುದಿಲ್ಲ.

ಕಿಟಕಿಗಳನ್ನು ತೆರೆಯುವ ಮತ್ತು ಮುಚ್ಚುವ ಹೊತ್ತಿನ ಬಗ್ಗೆ ಈಗಿನವರಲ್ಲಿ ಕಾಳಜಿ ಕಡಿಮೆ. ಹಗಲೆಲ್ಲ ಕಿಟಕಿ ತೆರೆದಿಟ್ಟು ಗಾಳಿ ಬರಲಿ ಎನ್ನುವುದು ಬಯಲುಸೀಮೆಯ ಬೇಸಿಗೆಗೆ ಹೊಂದುವ ಮಾತಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಬರುವುದು ಬರೀ ಝಳ. ರಾತ್ರಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆದು, ನಸುಕಿನವರೆಗೆ ಗೋಡೆ ಮತ್ತು ನೆಲ ತಣಿಯಲು ಬಿಟ್ಟು, ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಎಲ್ಲವನ್ನೂ ಮುಚ್ಚಬೇಕು. ಹಳೆಯ ಮನೆಗಳ ಬೆಳಕಿಂಡಿ ಮೇಲೇರಿದ ಬಿಸಿಗಾಳಿಗೆ ಹೊರಹೋಗುವ ದಾರಿಯಾಗಿತ್ತು. ನಿಮ್ಮ ಮನೆಯಲ್ಲಿ ಬಾಗಿಲ ಮೇಲೆ ಗವಾಕ್ಷಿಯಿದ್ದು ಅದಕ್ಕೆ ರಟ್ಟು ಬಡಿದಿದ್ದರೆ ಇಂದೇ ತೆಗೆಸಿ. ಸೊಳ್ಳೆಯ ಜಾಲರಿಯಲ್ಲಿ ಧೂಳು ತುಂಬಿದ್ದರೆ ಅರ್ಧ ಗಾಳಿ ಅಲ್ಲೇ ನಿಲ್ಲುತ್ತದೆ, ಅದನ್ನೂ ತೊಳೆಯಬೇಕು. ನೆಲಕ್ಕೆ ಶಹಾಬಾದ್ ಫರಸಿ ಇರುವ ಮನೆಯವರು ಅದನ್ನು ತೆಗೆದು ಬೇರೇನನ್ನೋ ಹಾಕಿಸುವ ಆಸೆಗೆ ಬೀಳದಿರಲಿ. ಮಧ್ಯಾಹ್ನ ಒರಗಲು ಅದಕ್ಕಿಂತ ತಂಪಾದ ಜಾಗ ಮನೆಯಲ್ಲಿ ಇರುವುದಿಲ್ಲ.

ಅಡುಗೆಮನೆಯೂ ಮನೆಯನ್ನು ಕಾಯಿಸುತ್ತದೆ. ಬೆಳಿಗ್ಗೆ ಎಂಟರ ಒಳಗೆ ಒಲೆಯ ಕೆಲಸ ಮುಗಿಸಿ, ಬೇಳೆಕಾಳನ್ನು ರಾತ್ರಿಯೇ ನೆನೆಸಿ ಕುಕ್ಕರಿನಲ್ಲಿ ಬೇಯಿಸಿಕೊಂಡರೆ ಮಧ್ಯಾಹ್ನ ಒಲೆ ಹಚ್ಚುವ ಪ್ರಮೇಯವಿಲ್ಲ. ಜೋಳದ ಖಡಕ್ ರೊಟ್ಟಿಯನ್ನು ಒಂದೇ ದಿನ ಬೇಕಾದಷ್ಟು ಬಡಿದು ಒಣಗಿಸಿಟ್ಟುಕೊಳ್ಳುವ ನಮ್ಮ ಕಡೆಯ ರೂಢಿ ಈ ದೃಷ್ಟಿಯಿಂದ ಬಹಳ ಉಪಕಾರಿ. ಮೊಸರು, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇದ್ದರೆ ಊಟವಾಯಿತು. ಫ್ರಿಜ್ಜನ್ನು ಗೋಡೆಗೆ ಆನಿಸಿ ಇಡಬಾರದು, ಅದರ ಹಿಂದೆ ಅಂಗೈ ಅಗಲದ ಜಾಗ ಬೇಕು. ಕುಡಿಯುವ ನೀರಿಗೆ ರಂಜಣಗಿ, ಅಂದರೆ ಮಣ್ಣಿನ ಹರವಿ, ಇಟ್ಟುಕೊಂಡರೆ ಬಾಟಲಿಗಾಗಿ ಫ್ರಿಜ್ಜಿನ ಬಾಗಿಲನ್ನು ಪದೇ ಪದೇ ತೆರೆಯುವುದೂ ತಪ್ಪುತ್ತದೆ.

ಇಷ್ಟಾದ ಮೇಲೆ ಯಂತ್ರಗಳ ಮಾತು. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟ್ ತೆಗೆದುಕೊಂಡರೆ, ಕಡಿಮೆ ವಿದ್ಯುತ್ ತಿನ್ನುವ ಮೋಟಾರಿನ ಈಗಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸುಮಾರಿಗೆ ಸಾಕು. ದಿನಕ್ಕೆ 12 ಗಂಟೆ ತಿರುಗುವ ಮೂರು ಫ್ಯಾನುಗಳಿಗೆ ತಿಂಗಳಿಗೆ 81 ಯೂನಿಟ್ ಹೋಗುತ್ತಿದ್ದಲ್ಲಿ 32 ಯೂನಿಟ್ ಹೋಗುತ್ತದೆ. ಒಮ್ಮೆಗೇ ಎಲ್ಲವನ್ನೂ ಬದಲಾಯಿಸಲು ಆಗದಿದ್ದರೆ ಮಲಗುವ ಕೋಣೆಯದನ್ನು ಮೊದಲು ಬದಲಾಯಿಸಿ. ಫ್ಯಾನು ನಿಧಾನವಾಗಿದೆಯೆಂದರೆ ಬಹುಪಾಲು ಅದರ ಕೆಪಾಸಿಟರ್ ಸೋತಿರುತ್ತದೆ, ಅಲ್ಪ ಬೆಲೆಯ ಆ ಬಿಡಿಭಾಗ ಹಾಕಿಸಿದರೆ ಫ್ಯಾನು ಮೊದಲಿನಂತಾಗುತ್ತದೆ. ಫ್ಯಾನು ತಣಿಸುವುದು ಮೈಯ ಬೆವರನ್ನು ಆರಿಸಿ, ಕೋಣೆಯನ್ನಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದರಿಂದ ಏನೂ ಪ್ರಯೋಜನವಿಲ್ಲ.

ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ ಯಂತ್ರವೆಂದರೆ ಕೂಲರು. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ತೆಗೆದುಕೊಳ್ಳುತ್ತದೆ, ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಆದರೆ ಅನೇಕರು ಅದನ್ನು ಮುಚ್ಚಿದ ಕೋಣೆಯ ನಡುವೆ ಇಟ್ಟು, ಅರ್ಧ ಗಂಟೆಯಲ್ಲಿ ಮೈ ಅಂಟಂಟಾಯಿತೆಂದು ದೂರುತ್ತಾರೆ. ಕೂಲರಿನ ಬೆನ್ನು ಕಿಟಕಿಯ ಹೊರಗಿರಬೇಕು, ಅಥವಾ ತೆರೆದ ಕಿಟಕಿಗೆ ತಾಗಿರಬೇಕು. ಎದುರಿನ ಕಿಟಕಿಯನ್ನೋ ಬಾಗಿಲನ್ನೋ ಸ್ವಲ್ಪ ತೆರೆದಿಟ್ಟು ಒದ್ದೆ ಗಾಳಿ ಹೊರಹೋಗಲು ದಾರಿ ಮಾಡಬೇಕು. ಶುರು ಮಾಡುವಾಗ ಮೊದಲು ಪಂಪು ಮಾತ್ರ ಹಾಕಿ, ಪ್ಯಾಡುಗಳು ಪೂರ್ತಿ ನೆನೆದ ಮೇಲೆ ಫ್ಯಾನು ಹಾಕಿದರೆ ಬಿಸಿಗಾಳಿ ಒಳಬರುವುದಿಲ್ಲ. ನಮ್ಮ ಬೋರಿನ ನೀರು ಗಡಸಾದ್ದರಿಂದ ಪ್ಯಾಡಿನ ಮೇಲೆ ಬಿಳಿಯ ಉಪ್ಪು ಕಟ್ಟಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಮರದ ಹೊಟ್ಟಿನ ಪ್ಯಾಡನ್ನು ಪ್ರತಿ ಬೇಸಿಗೆಗೆ ಬದಲಾಯಿಸಬೇಕು, ಜೇನುಗೂಡಿನ ಮಾದರಿಯದಾದರೆ ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಬಹುದು. ಲಾವಂಚದ ಬೇರಿನ ಪ್ಯಾಡು ಸಿಕ್ಕರೆ ಪರಿಮಳವೂ ಬರುತ್ತದೆ. ವಾರಕ್ಕೊಮ್ಮೆ ತಪ್ಪದೆ ತೊಟ್ಟಿಯ ನೀರನ್ನೆಲ್ಲ ಖಾಲಿ ಮಾಡಿ, ಒಳಗೋಡೆಯನ್ನು ಉಜ್ಜಿ ಒಣಗಿಸಿಯೇ ಮತ್ತೆ ತುಂಬಬೇಕು; ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿ. ಒದ್ದೆ ಕೈಯಲ್ಲಿ ಕೂಲರನ್ನು ಮುಟ್ಟಬಾರದು, ನೀರು ತುಂಬುವಾಗ ಪ್ಲಗ್ಗು ಕಿತ್ತಿರಬೇಕು, ಅದಕ್ಕೆ ಸರಿಯಾದ ಅರ್ಥಿಂಗ್ ಇರಲೇಬೇಕು. ಈ ವಿಷಯದಲ್ಲಿ ಉಳಿತಾಯ ಮಾಡಬೇಡಿರೆಂದು ಕೈಮುಗಿದು ಕೇಳುತ್ತೇನೆ.

ಎಸಿ ಬೇಕೇ ಬೇಕೆನ್ನುವವರು ಮನೆಗೆಲ್ಲ ಒಂದೇ ಕೋಣೆಯಲ್ಲಿ ಹಾಕಿಸಿ, ರಾತ್ರಿ ಎಲ್ಲರೂ ಅಲ್ಲೇ ಮಲಗುವುದು ಮೇಲು. 2020ರ ಜನವರಿಯಿಂದ ಸ್ಟಾರ್ ಗುರುತಿನ ಹೊಸ ಎಸಿಗಳು ತಾವಾಗಿ 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮವಿದೆ. ಅದನ್ನು 18ಕ್ಕೆ ಇಳಿಸಿದರೆ ಕೋಣೆ ಬೇಗ ತಣ್ಣಗಾಗುವುದಿಲ್ಲ, ಯಂತ್ರ ಹೆಚ್ಚು ಹೊತ್ತು ದುಡಿಯುತ್ತದೆ ಅಷ್ಟೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತೆಯ ಕೇಂದ್ರ ಸಂಸ್ಥೆ ಹೇಳುತ್ತದೆ. 26 ಡಿಗ್ರಿಗೆ ಇಟ್ಟು ಫ್ಯಾನನ್ನು ಸಣ್ಣಗೆ ಹಾಕಿಕೊಂಡರೆ ಮೈಗೆ ಹಿತವಾಗಿರುತ್ತದೆ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ ಇಡಿ. ಎಸಿ ಇರುವ ಕೋಣೆಯಲ್ಲಿ ಕೂಲರು ಹಾಕಬಾರದು. ಕೂಲರು ತುಂಬಿದ ತೇವವನ್ನು ತೆಗೆಯಲು ಎಸಿ ಮತ್ತೆ ವಿದ್ಯುತ್ ತಿನ್ನುತ್ತದೆ.

2023ರಲ್ಲಿ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ಬೆಲೆ ಬಂದಿದೆ. ನಮಗೆ ಉಚಿತವೆಂದು ನಿಗದಿಯಾದ ಯೂನಿಟ್ ಮೀರಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟುಗಳ ಹಣ ಕೊಟ್ಟರಾಯಿತು. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಫ್ರಿಜ್ಜಿಗೆ 30, ದೀಪ, ಟಿವಿ, ನೀರಿನ ಮೋಟಾರಿಗೆ 30, ಹಳೆಯ ಫ್ಯಾನು ಮೂರಕ್ಕೆ 81, ದಿನಕ್ಕೆ ಹತ್ತು ಗಂಟೆ ನಡೆಯುವ 180 ವ್ಯಾಟಿನ ಕೂಲರಿಗೆ 54 ಎಂದು ಹಿಡಿದರೆ ಒಟ್ಟು 195 ಆಗುತ್ತದೆ. ನಾಲ್ಕು ದಿನ ನೆಂಟರು ಬಂದರೂ ಗೆರೆ ದಾಟುತ್ತದೆ. ಫ್ಯಾನುಗಳನ್ನು ಬದಲಾಯಿಸಿದ ಮನೆಯಲ್ಲಿ ಅದೇ ಲೆಕ್ಕ 146ಕ್ಕೆ ನಿಲ್ಲುತ್ತದೆ. ಒಂದೂವರೆ ಟನ್ನಿನ ಎಸಿಯನ್ನು ದಿನಕ್ಕೆ ಆರು ಗಂಟೆ ಹಾಕಿದರೆ ಅದೊಂದಕ್ಕೇ 200 ಯೂನಿಟ್ಟಿನ ಆಸುಪಾಸು ಹೋಗುತ್ತದೆ. ಹೀಗಾಗಿ ಬಿಲ್ಲು ಬರುವವರೆಗೆ ಕಾಯದೆ, ರೀಡಿಂಗ್ ಬರೆದುಕೊಂಡ ದಿನದಿಂದ ಹತ್ತನೆಯ ಮತ್ತು ಇಪ್ಪತ್ತನೆಯ ದಿನ ಮೀಟರ್ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಇಪ್ಪತ್ತನೆಯ ದಿನಕ್ಕೆ 130 ದಾಟಿದ್ದರೆ ಉಳಿದ ಹತ್ತು ದಿನ ಕೈ ಬಿಗಿ ಹಿಡಿಯಬೇಕು.

ಮಂಗಳೂರು, ಉಡುಪಿ, ಕಾರವಾರದಲ್ಲಿರುವ ನಮ್ಮವರಿಗೆ ಕೂಲರಿನ ಮಾತು ಅನ್ವಯಿಸುವುದಿಲ್ಲ. ಅಲ್ಲಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿರುವುದರಿಂದ ಕೂಲರು ಸೆಕೆಯನ್ನೇ ಹೆಚ್ಚಿಸುತ್ತದೆ; ಅವರಿಗೆ ಹಗಲೂ ಗಾಳಿಯಾಡುವ ಕಿಟಕಿ, ಒಳ್ಳೆಯ ಫ್ಯಾನು, ಅಗತ್ಯವಿದ್ದರೆ ಎಸಿ, ಇವೇ ಸರಿ.

ಮನೆಯಲ್ಲಿ ಹಸುಗೂಸು, ಬಾಣಂತಿ, ವಯಸ್ಸಾದವರು ಇದ್ದರೆ ಮೇಲಿನ ಯಾವ ಲೆಕ್ಕವೂ ಅವರ ಆರೋಗ್ಯಕ್ಕಿಂತ ದೊಡ್ಡದಲ್ಲ. 42 ಡಿಗ್ರಿಯಲ್ಲಿ ಮುಚ್ಚಿದ ಕೋಣೆಯ ಫ್ಯಾನು ಬಿಸಿಗಾಳಿಯನ್ನೇ ಬೀಸುವುದರಿಂದ ಅಂಥವರಿಗೆ ಅದೊಂದೇ ಸಾಲದು. ಮೈಗೆ ಒದ್ದೆ ಬಟ್ಟೆ ಸವರುತ್ತ, ದೊಡ್ಡವರಿಗೆ ಮಜ್ಜಿಗೆ, ಉಪ್ಪು-ಸಕ್ಕರೆ ಬೆರೆಸಿದ ನಿಂಬೆ ಪಾನಕವನ್ನು, ಹಸುಗೂಸಿಗೆ ಎದೆಹಾಲನ್ನು ಆಗಾಗ ಕೊಡುತ್ತ, ಮನೆಯ ಅತಿ ತಂಪಾದ ಕೋಣೆಯನ್ನು ಅವರಿಗೆ ಬಿಟ್ಟುಕೊಡಬೇಕು. ಮೈ ಕಾದು, ಮಾತು ತೊದಲಿ ಅಥವಾ ಮಂಕು ಕವಿದಂತಾದರೆ ಬಾಯಿಗೆ ನೀರು ಹಾಕುತ್ತ ಕೂಡದೆ, ಕುತ್ತಿಗೆ, ಕಂಕುಳಿಗೆ ತಣ್ಣೀರಿನ ಬಟ್ಟೆ ಇಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.