ಕಂದು ಕಂಡ ಕೂಡಲೇ ರೋಗ ಎನ್ನಬೇಡಿ: ಎಲೆಗೆ ಡಾಬ್ ಬಣ್ಣ ಹಾಕುವ ಕ್ರಮ

ರೋಗಾಣು ತಾಗಿದ ಕೆಲವೇ ನಿಮಿಷಗಳಲ್ಲಿ ಎಲೆಯ ಜೀವಕೋಶ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸತೊಡಗುತ್ತದೆ. ಕೋಶದ ಹೊರಪೊರೆಯಲ್ಲಿರುವ ಗ್ರಾಹಕ ಪ್ರೋಟೀನು ಬ್ಯಾಕ್ಟೀರಿಯಾದ ಕಶಾಂಗದ (ಈಜಲು ಬಳಸುವ ಬಾಲದ) ಸಣ್ಣ ತುಣುಕನ್ನು ಗುರುತು ಹಿಡಿದರೆ ಸಾಕು. ಅದೇ ಪೊರೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವ ಆಮ್ಲಜನಕವನ್ನು ಸೂಪರಾಕ್ಸೈಡ್ ಆಗಿಸುತ್ತದೆ, ಅದು ಬೇಗನೆ ಪೆರಾಕ್ಸೈಡ್ ಆಗುತ್ತದೆ. ಕೋಶಭಿತ್ತಿಯನ್ನು ಗಟ್ಟಿ ಮಾಡುವುದಕ್ಕೂ ಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುವುದಕ್ಕೂ ಗಿಡ ಇದನ್ನು ಬಳಸುತ್ತದೆ.

ತೊಡಕೆಂದರೆ ಉಪ್ಪು, ಬರ, ಸೆಕೆ, ಅತಿ ಬೆಳಕು, ಕತ್ತರಿಯ ಗಾಯ, ಇವೆಲ್ಲದಕ್ಕೂ ಗಿಡ ಇದೇ ಪೆರಾಕ್ಸೈಡಿನಿಂದ ಉತ್ತರಿಸುತ್ತದೆ. ಡೈಅಮಿನೋಬೆಂಜಿಡಿನ್, ಅಂದರೆ ಪ್ರಯೋಗಾಲಯದ ಮಾತಿನಲ್ಲಿ ಡಾಬ್, ಪೆರಾಕ್ಸೈಡ್ ಇರುವಲ್ಲಿ ಕಂದು ಬಣ್ಣವಾಗಿ ಕೂರುತ್ತದೆ. ಪೆರಾಕ್ಸೈಡಿಗೆ ಕಾರಣ ಯಾವುದೆಂದು ಅದು ಹೇಳುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ: ತಾವೇ ಎಲೆಗೆ ಕೊಟ್ಟ ನೋವಿನ ಕಂದನ್ನು ರೋಗದ ಕಂದು ಎಂದು ಓದುತ್ತಾರೆ. ಆದ್ದರಿಂದ ಈ ಕ್ರಮದ ಅರ್ಧ ಶ್ರಮ ಬಣ್ಣ ಹಾಕುವುದರಲ್ಲಿದ್ದರೆ, ಉಳಿದರ್ಧ ಬೇಡದ ಬಣ್ಣ ಬಾರದಂತೆ ನೋಡಿಕೊಳ್ಳುವುದರಲ್ಲಿದೆ.

ಮೊದಲು: ಗಿಡ ಮತ್ತು ವೇಳೆ

ಒಂದೇ ವಯಸ್ಸಿನ ಗಿಡಗಳಿಂದ, ಒಂದೇ ಸ್ಥಾನದ ಎಲೆಗಳನ್ನು ಆರಿಸಿ. ಮುದಿ ಎಲೆ ಬೇಡ, ಅದರಲ್ಲಿ ಪೆರಾಕ್ಸೈಡ್ ಮೊದಲೇ ಏರಿರುತ್ತದೆ. ಹಿಂದಿನ ದಿನ ನೀರು ಕಡಿಮೆ ಬಿದ್ದ ಕುಂಡವನ್ನೂ ಪಕ್ಕಕ್ಕಿಡಿ.

ಉಷ್ಣತೆಯ ಮೇಲೆ ಕಣ್ಣಿರಲಿ. ತಂಬಾಕಿನ ಎನ್ ಜೀನ್ ಮೊಸಾಯಿಕ್ ವೈರಸ್ಸನ್ನು ಗುರುತಿಸಿ ಸೋಂಕಿತ ಕೋಶಗಳನ್ನು ಸಾಯಿಸಿ ಅಲ್ಲಿಯೇ ತಡೆಯುತ್ತದೆ. ಆದರೆ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ತಡೆ ಕೆಲಸ ಮಾಡದೆ ವೈರಸ್ ಗಿಡವಿಡೀ ಹರಡುತ್ತದೆ. ನಿರೋಧಕ ತಳಿಯಲ್ಲಿ ಕಂದು ಬರಲಿಲ್ಲ ಎಂದು ತಳಿಯನ್ನು ದೂರುವ ಮೊದಲು ಬೆಳೆಸಿದ ಕೋಣೆಯ ಉಷ್ಣಮಾಪಕ ನೋಡಿ. 22ರ ಆಸುಪಾಸು ಒಳ್ಳೆಯದು.

ವೇಳೆಯ ವಿಷಯದಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ: ಡಾಬ್ ಎಲೆಯೊಳಗೆ ಇರುವಷ್ಟು ಹೊತ್ತು ಹುಟ್ಟುವ ಪೆರಾಕ್ಸೈಡ್ ಮಾತ್ರ ಕಂದಾಗುತ್ತದೆ. ಅದಕ್ಕೂ ಮೊದಲು ಹುಟ್ಟಿ ಕರಗಿಹೋದದ್ದು ಕಾಣುವುದಿಲ್ಲ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಪೆರಾಕ್ಸೈಡ್ ಎರಡು ಅಲೆಗಳಲ್ಲಿ ಬರುತ್ತದೆ. ಮೊದಲನೆಯದು ನಿಮಿಷಗಳಲ್ಲಿ ಎದ್ದು ಒಂದು ಗಂಟೆಯೊಳಗೆ ಇಳಿಯುತ್ತದೆ, ನಿರೋಧಕ ಗಿಡದಲ್ಲೂ ರೋಗಕ್ಕೆ ಬಲಿಯಾಗುವ ಗಿಡದಲ್ಲೂ ಒಂದೇ ಥರ. ಗಿಡ ರೋಗಾಣುವನ್ನು ನಿಜವಾಗಿ ಗುರುತು ಹಿಡಿದಾಗ ಮಾತ್ರ ಎರಡನೆಯ, ದೊಡ್ಡ ಅಲೆ ಬರುತ್ತದೆ, ಸಾಮಾನ್ಯವಾಗಿ 3ರಿಂದ 6 ಗಂಟೆಯ ನಡುವೆ. ಇದನ್ನು ಹಿಡಿಯಬೇಕಾದರೆ ಸೋಂಕು ಕೊಟ್ಟ ಎರಡನೆಯ ಗಂಟೆಗೇ ಎಲೆ ಡಾಬ್‌ನಲ್ಲಿ ಮುಳುಗಿರಬೇಕು. ಮರುದಿನ ಬೆಳಿಗ್ಗೆ ಅನುಕೂಲವಾಗಿ ಬಣ್ಣ ಹಾಕಿದರೆ ಅಲೆ ಮುಗಿದ ಮೇಲಿನ ದಡವಷ್ಟೇ ಸಿಗುತ್ತದೆ.

ದ್ರಾವಣ: ಎಲ್ಲ ಕೆಡುವುದು ಇಲ್ಲಿಂದಲೇ

50 ಮಿ.ಲೀ.ಗೆ ಲೆಕ್ಕ ಹೀಗಿದೆ. 50 ಮಿ.ಗ್ರಾಂ ಡಾಬ್ ಪುಡಿಯನ್ನು 45 ಮಿ.ಲೀ ಶುದ್ಧ ನೀರಿಗೆ ಹಾಕಿ. ಆಯಸ್ಕಾಂತದ ಕಡ್ಡಿ ತಿರುಗುತ್ತಿರುವಾಗಲೇ 0.2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಟ್ಟು ಪಿಎಚ್ 3ಕ್ಕೆ ಇಳಿಸಿ. ಬೀಕರಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ ಒಂದು ಗಂಟೆ ಕಲಕಲು ಬಿಡಿ. ಅವಸರ ಮಾಡಿ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿದರೆ ಕರಗದ ಕಣಗಳು ಎಲೆಯ ಮೇಲೆ ಕೂತು, ಸೂಕ್ಷ್ಮದರ್ಶಕದಡಿ ಚುಕ್ಕಿ ರೋಗದಂತೆಯೇ ಕಾಣುತ್ತವೆ. ಪೂರ್ತಿ ಕರಗಿದ ಮೇಲೆ 25 ಮೈಕ್ರೋಲೀಟರ್ ಟ್ವೀನ್ 20 (ದ್ರವ ಎಲೆಯ ಮೇಲೆ ಹರಡಲು ನೆರವಾಗುವ ಸಾಬೂನಿನಂಥ ವಸ್ತು), ಮತ್ತು 200 ಮಿಲಿಮೋಲಾರ್ ಡೈಸೋಡಿಯಂ ಫಾಸ್ಫೇಟ್ 2.5 ಮಿ.ಲೀ ಸೇರಿಸಿ, ನೀರಿನಿಂದ 50 ಮಿ.ಲೀ ಮಾಡಿ.

ಫಾಸ್ಫೇಟ್ ಯಾಕೆ? ಆಮ್ಲ ಇಲ್ಲದೆ ಪುಡಿ ಕರಗದು, ಆದರೆ ಆಮ್ಲದಲ್ಲಿಯೇ ಗಂಟೆಗಟ್ಟಲೆ ನೆನೆದ ಎಲೆ ಆ ಆಮ್ಲಕ್ಕೇ ಪ್ರತಿಕ್ರಿಯಿಸುತ್ತದೆ. ಕರಗಿದ ಮೇಲೆ ಪಿಎಚ್ ಏರಿಸಿದರೆ ಎರಡೂ ಕೆಲಸ ಆಗುತ್ತದೆ. 1997ರಲ್ಲಿ ಬಾರ್ಲಿಯ ಬೂದಿ ರೋಗದ ಮೇಲೆ ಈ ವಿಧಾನ ಪ್ರಕಟವಾದಾಗ ದ್ರಾವಣದ ಪಿಎಚ್ 3.8 ಇತ್ತು. ಈಗಲೂ ಹಾಗೆಯೇ ಬಳಸುವವರಿದ್ದಾರೆ. ತೆಳು ಎಲೆಯ ಗಿಡಗಳಿಗೆ ಫಾಸ್ಫೇಟ್ ಸೇರಿಸಿದ್ದೇ ಒಳ್ಳೆಯದು, ಅದನ್ನು ಬಿಡಬೇಡಿ.

ಡಾಬ್‌ನ ಹೈಡ್ರೋಕ್ಲೋರೈಡ್ ಲವಣ ಸಿಕ್ಕರೆ ಅದು ನೀರಿನಲ್ಲಿ ತಾನಾಗಿ ಕರಗುತ್ತದೆ, ಆಮ್ಲ ಬೇಕಾಗದು. ಪ್ರಾಣಿ ಅಂಗಾಂಶದ ಪರೀಕ್ಷೆಗೆಂದು ಮಾರುವ ಡಾಬ್ ಕಿಟ್‌ಗಳನ್ನು ಮಾತ್ರ ಮುಟ್ಟಬೇಡಿ. ಅವುಗಳ ಜೊತೆಯ ಮಾತ್ರೆ ಅಥವಾ ಬಾಟಲಿಯಲ್ಲಿ ಪೆರಾಕ್ಸೈಡ್ ಇರುತ್ತದೆ, ಕೆಲವಕ್ಕೆ ಬಣ್ಣ ಗಾಢವಾಗಲೆಂದು ಕೋಬಾಲ್ಟ್ ಅಥವಾ ನಿಕ್ಕಲ್ ಬೆರೆಸಿರುತ್ತಾರೆ. ನೀವು ಹುಡುಕುತ್ತಿರುವ ವಸ್ತುವನ್ನೇ ಹೊರಗಿನಿಂದ ಸುರಿದ ಮೇಲೆ ಪರೀಕ್ಷೆಗೆ ಅರ್ಥವಿಲ್ಲ.

ದ್ರಾವಣ ಅದೇ ದಿನ ಬಳಸಿ ಮುಗಿಸಬೇಕು. ಬಣ್ಣವಿಲ್ಲದೆ ಅಥವಾ ಬಹಳ ತಿಳಿಯಾಗಿದ್ದರೆ ಸರಿ, ಚಹಾ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲುವುದೇ ದಾರಿ. ಡಾಬ್ ಕ್ಯಾನ್ಸರ್‌ಕಾರಕವೆಂಬ ಶಂಕೆಯಿದೆ: ಕೈಗವಸು ತಪ್ಪಿಸಬೇಡಿ, ಪುಡಿ ತೂಗುವಾಗ ಫ್ಯಾನ್ ಆರಿಸಿ, ಉಳಿದದ್ದನ್ನು ಬೇರೆ ಬಾಟಲಿಯಲ್ಲಿ ಶೇಖರಿಸಿ. ಅದಕ್ಕೆ ಬ್ಲೀಚ್ ಸುರಿದು ತೊಲಗಿಸಲು ಹೋಗಬೇಡಿ.

ನಾಲ್ಕು ಗುಂಪು, ಒಂದೂ ಕಡಿಮೆಯಿಲ್ಲ

ಸೋಂಕಿತ ಎಲೆ ಡಾಬ್‌ನಲ್ಲಿ. ರೋಗಾಣುವಿಲ್ಲದ ಅದೇ ದ್ರವ ಚುಚ್ಚಿದ ಅಥವಾ ಸಿಂಪಡಿಸಿದ ಎಲೆ ಡಾಬ್‌ನಲ್ಲಿ. ಸೋಂಕಿತ ಎಲೆ, 10 ಮಿಲಿಮೋಲಾರ್ ಆಸ್ಕಾರ್ಬಿಕ್ ಆಮ್ಲ ಬೆರೆಸಿದ ಡಾಬ್‌ನಲ್ಲಿ (50 ಮಿ.ಲೀ.ಗೆ 88 ಮಿ.ಗ್ರಾಂ). ಕೊನೆಯದು ಸೋಂಕಿತ ಎಲೆ, ಡಾಬ್ ಒಂದನ್ನು ಬಿಟ್ಟು ಉಳಿದೆಲ್ಲ ಇರುವ ದ್ರವದಲ್ಲಿ.

ಎಲ್ಲರೂ ಬಿಡುವುದು ಈ ನಾಲ್ಕನೆಯದನ್ನು, ಹೆಚ್ಚು ಬೇಕಾದದ್ದೂ ಇದೇ. ಸಾಯುತ್ತಿರುವ ಕೋಶದಲ್ಲಿ ಫಿನಾಲಿಕ್ ವಸ್ತುಗಳು ಉತ್ಕರ್ಷಣಗೊಂಡು ತಾವಾಗಿ ಕಂದಾಗುತ್ತವೆ, ಮದ್ಯಸಾರದಲ್ಲಿ ತೊಳೆದರೂ ಹೋಗುವುದಿಲ್ಲ. ಡಾಬ್ ಇಲ್ಲದ ಎಲೆಯಲ್ಲೂ ಅಷ್ಟೇ ಕಂದಿದ್ದರೆ ನೀವು ನೋಡುತ್ತಿರುವುದು ಫಿನಾಲಿಕ್ ಕಲೆ, ಪೆರಾಕ್ಸೈಡ್ ಅಲ್ಲ. ಆಸ್ಕಾರ್ಬಿಕ್ ಆಮ್ಲ ಪೆರಾಕ್ಸೈಡನ್ನು ಇಲ್ಲವಾಗಿಸುತ್ತದೆ, ಆ ಗುಂಪಿನಲ್ಲಿ ಕಂದು ಮಾಯವಾದರೆ ಪೆರಾಕ್ಸೈಡ್ ಎನ್ನುವುದಕ್ಕೆ ಬಲ ಬರುತ್ತದೆ. ಆಸ್ಕಾರ್ಬಿಕ್ ಬದಲು ಕ್ಯಾಟಲೇಸ್ ಕಿಣ್ವ ಬಳಸಿ ಎಂದು ಕೆಲವು ವಿಧಾನಗಳು ಹೇಳುತ್ತವೆ. ಆದರೆ ಅದು ದೊಡ್ಡ ಅಣು, ಕೋಶದೊಳಗೆ ಸುಲಭವಾಗಿ ಇಳಿಯದು.

ಉಪ್ಪಿನ ಪರಿಣಾಮ ಹೋಲಿಸಬೇಕಾದರೆ ಐದನೆಯ ಗುಂಪಾಗಿ 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ (ಲೀಟರಿಗೆ 8.77 ಗ್ರಾಂ) ಬೇರಿಗೆ ಕೊಟ್ಟ ಗಿಡದ ಎಲೆ ಸೇರಿಸಿ.

ಎಲೆಯೊಳಗೆ ದ್ರವ ಇಳಿಸುವುದು

ಎಲೆಯ ಕೋಶಗಳ ನಡುವೆ ಗಾಳಿ ತುಂಬಿರುತ್ತದೆ. ಸುಮ್ಮನೆ ಮುಳುಗಿಸಿಟ್ಟರೆ ದ್ರವ ಅಂಚಿನಿಂದ ಮಾತ್ರ ನುಗ್ಗಿ, ಅಂಚು ಕಂದು, ನಡುವೆ ಹಸಿರು. ಇದನ್ನು ನೋಡಿ ಅಂಚಿನಲ್ಲಿ ಪ್ರತಿಕ್ರಿಯೆ ಜಾಸ್ತಿ ಎಂದು ಬರೆದಿಟ್ಟವರು ಎಷ್ಟೋ ಜನ.

ನಿರ್ವಾತ ಪಂಪ್ ಇದ್ದರೆ ಎಲೆ ಮುಳುಗಿದ ತಟ್ಟೆಯನ್ನು ನಿರ್ವಾತ ಪಾತ್ರೆಯಲ್ಲಿಟ್ಟು ಮೃದುವಾಗಿ 5 ನಿಮಿಷ ಎಳೆಯಿರಿ. ಎಲೆಯ ಮೈಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಹೊರಬರುತ್ತವೆ. ಆಗ ದ್ರವ ಇನ್ನೂ ಒಳಗೆ ಹೋಗಿರುವುದಿಲ್ಲ, ಗಾಳಿ ಹೊರಗೆ ಬಂದಿದೆಯಷ್ಟೆ. ಮರಳಿ ಗಾಳಿ ಬಿಡುವಾಗಲೇ ದ್ರವ ಒಳಗೆ ನುಗ್ಗುತ್ತದೆ. ಆದ್ದರಿಂದ ಕವಾಟವನ್ನು ಒಮ್ಮೆಲೇ ತೆರೆಯದೆ, ಒಂದು ನಿಮಿಷ ಹಿಡಿಸಿ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ. ಫಟ್ಟನೆ ತೆರೆದರೆ ಕೋಶಗಳು ಹರಿಯುತ್ತವೆ, ಹರಿದ ಜಾಗ ಪೆರಾಕ್ಸೈಡ್ ಉಕ್ಕಿಸುತ್ತದೆ, ರೋಗಾಣುವಿನ ಸುಳಿವಿಲ್ಲದ ಎಲೆಯಲ್ಲೂ ಕಂದು ಮಚ್ಚೆ ಏಳುತ್ತದೆ.

ಪಂಪ್ ಇಲ್ಲವೇ? 60 ಮಿ.ಲೀ ಸೂಜಿಯಿಲ್ಲದ ಸಿರಿಂಜ್ ಸಾಕು. ಎಲೆ ಬಿಲ್ಲೆಗಳನ್ನೂ 20 ಮಿ.ಲೀ ದ್ರವವನ್ನೂ ಒಳಗೆ ಹಾಕಿ, ಗಾಳಿ ಹೊರದೂಡಿ, ಬಾಯಿಗೆ ಕೈಗವಸಿನ ಬೆರಳೊತ್ತಿ, ಹಿಡಿಯನ್ನು ಹಿಂದಕ್ಕೆ ಎಳೆದು ಹತ್ತು ಎಣಿಸಿ, ನಿಧಾನವಾಗಿ ಬಿಡಿ. ಮೂರು ಸಲ ಮಾಡಿದರೆ ಹೆಚ್ಚಿನ ಎಲೆಗಳಿಗೆ ಸಾಕಾಗುತ್ತದೆ.

ದ್ರವ ಇಳಿದ ಎಲೆ ಎಣ್ಣೆ ಸವರಿದ ಕಾಗದದಂತೆ ಗಾಢ ಹಸಿರಾಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವೆನಿಸುತ್ತದೆ, ದ್ರವದಲ್ಲಿ ತೇಲದೆ ತಳ ಸೇರುತ್ತದೆ. ತಿಳಿ ಹಸಿರು ತೇಪೆ ಉಳಿದಿದ್ದರೆ ಅಲ್ಲಿ ಗಾಳಿ ಇದೆ, ಇನ್ನೊಮ್ಮೆ ಎಳೆಯಿರಿ. ಬಾರ್ಲಿ, ಗೋಧಿಯಂಥ ಹುಲ್ಲಿನ ಜಾತಿಯ ಎಲೆಗಳಿಗೆ ಈ ಪಾಡು ಬೇಡ. ಬುಡ ಕತ್ತರಿಸಿದ ಎಲೆಯನ್ನು ದ್ರವದಲ್ಲಿ ನಿಲ್ಲಿಸಿ 8 ಗಂಟೆ ಬಿಟ್ಟರೆ ಅದೇ ಹೀರಿಕೊಳ್ಳುತ್ತದೆ.

ಆಮೇಲೆ ತಟ್ಟೆಗೆ ಹಾಳೆ ಮುಚ್ಚಿ ನಿಮಿಷಕ್ಕೆ 80ರಿಂದ 100 ಸುತ್ತು ಕುಲುಕುವ ಯಂತ್ರದ ಮೇಲೆ 4ರಿಂದ 5 ಗಂಟೆ ಇಡಿ. ಕತ್ತಲೆ ಕಡ್ಡಾಯ. ಬೆಳಕಿದ್ದರೆ ಡಾಬ್ ತಾನಾಗಿ ಕೆಡುತ್ತದೆ, ಕ್ಲೋರೊಪ್ಲಾಸ್ಟ್‌ಗಳೂ ಬೇರೆಯಾಗಿ ಪೆರಾಕ್ಸೈಡ್ ಹುಟ್ಟಿಸುತ್ತವೆ.

ಹಸಿರು ತೆಗೆಯುವುದು

ಎಥನಾಲ್, ಅಸಿಟಿಕ್ ಆಮ್ಲ, ಗ್ಲಿಸರಾಲ್ 3:1:1 ಪ್ರಮಾಣದಲ್ಲಿ ಬೆರೆಸಿ, ಎಲೆ ಹಾಕಿ, 90ರಿಂದ 95 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ 15 ನಿಮಿಷ ಇಡಿ. ಬೆಂಕಿಯ ಜ್ವಾಲೆಯ ಮೇಲೆ ಕುದಿಸಬಾರದು, ಎಥನಾಲ್ ಹೊತ್ತಿಕೊಳ್ಳುತ್ತದೆ. ಹೊಸ ದ್ರವಕ್ಕೆ ಬದಲಿಸಿ ಅರ್ಧ ಗಂಟೆ ಬಿಡಿ.

ಸೂಕ್ಷ್ಮದರ್ಶಕದಡಿ ಓದುವುದು

ಗ್ಲಿಸರಾಲ್‌ನಲ್ಲಿ ಎಲೆ ಹರವಿ, ಮೊದಲು ನೂರು ಪಟ್ಟು, ಆಮೇಲೆ ನಾನೂರು ಪಟ್ಟು ಹಿಗ್ಗಿಸಿ. ಬೂದಿ ರೋಗದ ಬೀಜಕ ಇಳಿದ ಜಾಗದಲ್ಲಿ ಎರಡು ಬಗೆಯ ದೃಶ್ಯ ಸಿಗುತ್ತದೆ. ಶಿಲೀಂಧ್ರ ಚುಚ್ಚಲು ಯತ್ನಿಸಿದ ಬಿಂದುವಿನ ಕೆಳಗೆ ಕೋಶಭಿತ್ತಿಯ ಒಳಬದಿಯಲ್ಲಿ ಗುಮ್ಮಟದಂಥ ಸಣ್ಣ ಉಬ್ಬು, ಅದಷ್ಟೇ ಕಂದು, ಸುತ್ತಲಿನ ಕೋಶ ಸ್ವಚ್ಛ: ಇದು ಪ್ಯಾಪಿಲ್ಲ. ಕೋಶ ಬಾಗಿಲಲ್ಲೇ ತಡೆದಿದೆ, ತಾನು ಬದುಕಿದೆ. ಇನ್ನೊಂದರಲ್ಲಿ ಒಂದಿಡೀ ಕೋಶ ಅಂಚಿನಿಂದ ಅಂಚಿಗೆ ಕಂದು ತುಂಬಿಕೊಂಡು, ಪಕ್ಕದ ಕೋಶ ತಿಳಿಯಾಗಿಯೇ ಇರುತ್ತದೆ: ಇದು ಅತಿಸಂವೇದಿ ಪ್ರತಿಕ್ರಿಯೆ, ಕೋಶ ತಾನು ಸತ್ತು ಶಿಲೀಂಧ್ರದ ಆಹಾರ ಕಡಿದಿದೆ.

ಉಪ್ಪು ಅಥವಾ ಬರದ ಎಲೆಯಲ್ಲಿ ಇಂಥ ಗಡಿ ಕಾಣದು. ಕಂದು ಹೆಚ್ಚಾಗಿ ನರಗಳ ಉದ್ದಕ್ಕೂ ಹೊಗೆಯಂತೆ ಹರಡಿರುತ್ತದೆ. ಕತ್ತರಿಸಿದ ಅಂಚಿನ ಕೆಲವು ಸಾಲು ಕೋಶಗಳು ಯಾವ ಎಲೆಯಲ್ಲೂ ಕಂದೇ, ಅವನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ. ಇನ್ನೊಂದು ಎಚ್ಚರಿಕೆ: ಡಾಬ್ ಕಂದಾಗಲು ಪೆರಾಕ್ಸೈಡ್ ಜೊತೆಗೆ ಪೆರಾಕ್ಸಿಡೇಸ್ ಕಿಣ್ವವೂ ಬೇಕು. ಕಿಣ್ವ ಕಡಿಮೆ ಇರುವ ಅಂಗಾಂಶದಲ್ಲಿ ಪೆರಾಕ್ಸೈಡ್ ಇದ್ದರೂ ಬಣ್ಣ ಮಂಕಾಗಿರುತ್ತದೆ. ಹಾಗಾಗಿ ಎರಡು ಜಾತಿಯ ಗಿಡಗಳ ಕಂದನ್ನು ಅಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಎಂದು ಹೋಲಿಸಬೇಡಿ. ಒಂದೇ ಜಾತಿಯೊಳಗೆ ಹೋಲಿಸಿ.

ಕೋಶ ಸತ್ತಿದೆಯೇ ಎಂದು ಖಚಿತಪಡಿಸಲು ಟ್ರಿಪಾನ್ ನೀಲಿ ಬೇಕು. ಬದುಕಿರುವ ಕೋಶಪೊರೆ ಅದನ್ನು ಒಳಬಿಡದು, ಸತ್ತ ಕೋಶ ನೀಲಿಯಾಗುತ್ತದೆ. ಶಿಲೀಂಧ್ರದ ಎಳೆಗಳೂ ನೀಲಿ ಹೀರುವುದರಿಂದ ರೋಗಾಣು ಎಲ್ಲಿ, ಸಾವು ಎಲ್ಲಿ ಎನ್ನುವುದು ಒಟ್ಟಿಗೆ ಕಾಣುತ್ತದೆ. ಲ್ಯಾಕ್ಟಿಕ್ ಆಮ್ಲ, ಗ್ಲಿಸರಾಲ್, ದ್ರವ ಫಿನಾಲ್, ನೀರು ತಲಾ 10 ಮಿ.ಲೀ, ಅದಕ್ಕೆ 10 ಮಿ.ಗ್ರಾಂ ಟ್ರಿಪಾನ್ ನೀಲಿ. ಇದರ ಒಂದು ಪಾಲಿಗೆ ಎರಡು ಪಾಲು ಎಥನಾಲ್ ಬೆರೆಸಿ, ಬಿಸಿನೀರಿನ ತೊಟ್ಟಿಯಲ್ಲಿ ಒಂದು ನಿಮಿಷ ಕಾಯಿಸಿ, ರಾತ್ರಿಯಿಡೀ ಬಿಡಿ. ಫಿನಾಲ್ ಚರ್ಮ ಸುಡುತ್ತದೆ, ಹೊಗೆ ಎಳೆಯುವ ಗೂಡಿನಲ್ಲೇ ಕೆಲಸ ಮಾಡಿ. ಒಂದೇ ಎಲೆಗೆ ಎರಡೂ ಬಣ್ಣ ಹಾಕುವ ಅಡ್ಡದಾರಿ ಬೇಡ, ಕಂದಿನ ಮೇಲೆ ನೀಲಿ ಕೂತರೆ ಕಪ್ಪು ಮಚ್ಚೆ ಬಿಟ್ಟು ಇನ್ನೇನೂ ತಿಳಿಯದು. ಅದೇ ಗಿಡದ ಜೋಡಿ ಎಲೆ ಬಳಸಿ.

ಬಿಳಿಚಿಸಿದ ಎಲೆಗಳು 4 ಡಿಗ್ರಿಯಲ್ಲಿ ನಾಲ್ಕು ದಿನ ಚೆನ್ನಾಗಿರುತ್ತವೆ. ಚಿತ್ರ ತೆಗೆಯುವಾಗ ಕ್ಯಾಮೆರಾದ ತಾನಾಗಿ ಹೊಂದಿಸುವ ಬೆಳಕು ಮತ್ತು ಬಿಳಿ ಸಮತೋಲನ ಎರಡನ್ನೂ ನಿಲ್ಲಿಸಿ, ನಾಲ್ಕೂ ಗುಂಪುಗಳನ್ನು ಒಂದೇ ಕೂರಿಕೆಯಲ್ಲಿ, ಒಂದೇ ಬಿಳಿ ಹಾಳೆಯ ಮೇಲೆ ತೆಗೆಯಿರಿ. ಇಲ್ಲದಿದ್ದರೆ ಕಂದು ಹೆಚ್ಚಿರುವ ಎಲೆಯನ್ನು ಕ್ಯಾಮೆರಾವೇ ತಿಳಿ ಮಾಡಿ ಕೊಡುತ್ತದೆ.