ಮೊಣಕಾಲಿನ ಎಕ್ಸ್‌ರೇಗೂ ಮುಂಚೆ ಕಾಲು ನೆಟ್ಟಗಿದೆಯಾ ನೋಡಿ

"ಡಾಕ್ಟರ್ ಗ್ಯಾಪ್ ಆಗೇದ ಅಂದಾರ್ರಿ, ಗ್ರೀಸ್ ಖಾಲಿ ಆಗೇದಂತ." ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಬರುವ ಆಯಿ, ಕಾಕಾಗಳು ಎಕ್ಸ್‌ರೇ ಕವರ್ ಮೇಜಿನ ಮೇಲಿಟ್ಟು ಹೇಳುವ ಮೊದಲ ಮಾತು ಇದು. ನಾನು ಕವರ್ ಆಮೇಲೆ ಬಿಚ್ಚುತ್ತೇನೆ. "ಆಯಿ, ಮೊದಲು ಸ್ವಲ್ಪ ಎದ್ದು ನಿಲ್ರಿ" ಅನ್ನುತ್ತೇನೆ. ಕೀಲು ಎಷ್ಟು ಸವೆದಿದೆ ಅನ್ನೋದು ಮುಖ್ಯವೇ. ಆದರೆ ಯಾವ ಪಕ್ಕ ಸವೆದಿದೆ, ಮೈಭಾರ ಯಾವ ಪಕ್ಕ ಬೀಳುತ್ತಿದೆ ಅನ್ನೋದು ಗೊತ್ತಾದರೆ ಮಾತ್ರ ಮುಂದೆ ಏನು ಮಾಡಬೇಕು ಅನ್ನೋದು ತಿಳಿಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ನಮ್ಮ ಕಡೆ ಬಹಳ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಇದೆ. ಎರಡು ಕಲ್ಲುಗಳ ನಡುವಿನ ಸಂದು ಒಳ್ಳೆಯ ನೇರ ಗೆರೆ. ಆ ಗೆರೆಯ ಎರಡೂ ಪಕ್ಕ ಪಾದ ಜೋಡಿಸಿ ನಿಲ್ಲಿ. ಬಟ್ಟೆ ಮೊಣಕಾಲಿನ ಮೇಲಕ್ಕೆ ಇರಲಿ. ಮೊಣಕಾಲಿನ ಚಿಪ್ಪು ನೇರ ಮುಂದಕ್ಕೆ ನೋಡಬೇಕು. ಪಾದ ಹೊರಳಿಸಿ ನಿಂತರೆ ಸೊಟ್ಟ ಕಾಲೂ ನೆಟ್ಟಗೆ ಕಾಣುತ್ತದೆ. ಪಾದದ ಒಳಗಂಟುಗಳು ತಾಗಿದರೂ ಮೊಣಕಾಲುಗಳ ನಡುವೆ ಜಾಗ ಉಳಿಯಿತಾ? ಎಷ್ಟು ಬೆರಳು ಹಿಡಿಯುತ್ತದೆ ಅಂತ ಮನೆಯವರು ನೋಡಲಿ. ಅದು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ ಕಾಲು. ಇದಕ್ಕೆ ಉಲ್ಟಾ, ಮೊಣಕಾಲು ತಾಗಿ ಪಾದ ದೂರ ಉಳಿದರೆ ಕಾಲು ಒಳಕ್ಕೆ ಬಾಗಿದೆ. ಮೊಬೈಲನ್ನು ಮೊಣಕಾಲಿನ ಎತ್ತರಕ್ಕೇ ಹಿಡಿದು ಮುಂದಿನಿಂದ ಒಂದು ಫೋಟೊ ತೆಗೆದಿಡಿ. ಆರು ತಿಂಗಳ ನಂತರ ಅದೇ ಜಾಗದಲ್ಲಿ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬಾಗು ಹೆಚ್ಚಾಗಿದ್ದು ಕಾಣುತ್ತದೆ.

ಬಾಗಿದರೆ ಏನಾಗುತ್ತದೆ? ತೊಡೆ ಎಲುಬಿನ ಮೇಲ್ತುದಿಯ ಗುಂಡಿನಿಂದ ಪಾದದ ಗಂಟಿನ ನಡುವಿಗೆ ಒಂದು ಗೆರೆ ಎಳೆದರೆ, ನೆಟ್ಟಗಿನ ಕಾಲಲ್ಲಿ ಅದು ಮೊಣಕಾಲಿನ ಹೆಚ್ಚುಕಡಿಮೆ ಮಧ್ಯದಲ್ಲೇ ಹಾಯುತ್ತದೆ. ಆಗಲೂ ನಡೆಯುವಾಗ ಅರ್ಧಕ್ಕಿಂತ ಜಾಸ್ತಿ ಭಾರ ಕೀಲಿನ ಒಳಪಕ್ಕಕ್ಕೇ ಬೀಳುತ್ತದೆ. ಕಾಲು ಹೊರಕ್ಕೆ ಬಾಗಿದರೆ ಆ ಗೆರೆ ಒಳಕ್ಕೆ ಸರಿದು, ಒಳಪಕ್ಕದ ಕಾರ್ಟಿಲೇಜ್ (ಎಲುಬಿನ ತುದಿಗೆ ಹೊದ್ದ ನುಣುಪಾದ ಪದರ) ಬೇಗ ಸವೆಯುತ್ತದೆ. ಸವೆದ ಕಡೆ ಕೀಲು ಕುಸಿದು ಕಾಲು ಇನ್ನಷ್ಟು ಬಾಗುತ್ತದೆ. ಬಾಗಿದಷ್ಟೂ ಸವೆತ, ಸವೆದಷ್ಟೂ ಬಾಗು. ನಮ್ಮ ಕಡೆಯ ವಯಸ್ಸಾದ ಹೆಣ್ಣುಮಕ್ಕಳಲ್ಲಿ ನಾನು ಹೆಚ್ಚು ನೋಡುವುದು ಇದನ್ನೇ.

ಈಗ ಎಕ್ಸ್‌ರೇಗೆ ಬನ್ನಿ. ನಿಂತುಕೊಂಡೇ ತೆಗೆಸಿ. ಮಲಗಿ ತೆಗೆದರೆ ಕೀಲಿನ ಮೇಲೆ ಭಾರ ಇರುವುದಿಲ್ಲ, ಸವೆತ ಅರ್ಧಂಬರ್ಧ ಕಾಣುತ್ತದೆ. ಚೀಟಿಯಲ್ಲಿ "ನಿಂತು, ಎರಡೂ ಮೊಣಕಾಲು" ಅಂತ ಬರೆಸಿಕೊಳ್ಳಿ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡು ಎಲುಬುಗಳ ನಡುವೆ ಕಪ್ಪಗೆ ಕಾಣುವ ಸಂದು ಖಾಲಿ ಜಾಗ ಅಲ್ಲ. ಅಲ್ಲಿ ಕಾರ್ಟಿಲೇಜೂ ಮೆನಿಸ್ಕಸ್ ಗಾದಿಯೂ ಇವೆ, ಎಕ್ಸ್‌ರೇಗೆ ಕಾಣುವುದಿಲ್ಲ ಅಷ್ಟೇ. ಒಳ್ಳೆಯ ಕೀಲಲ್ಲಿ ಆ ಸಂದು ಸುಮಾರು 4–5 ಮಿ.ಮೀ. ಇರುತ್ತದೆ. ಅಂದರೆ ತೊಂದರೆ ಇರುವುದು ಸಂದು ಕಿರಿದಾದಾಗ. ಒಳಪಕ್ಕದ ಸಂದನ್ನೂ ಹೊರಪಕ್ಕದ್ದನ್ನೂ ಹೋಲಿಸಿ ನೋಡಿ.

ಆಮೇಲೆ ಎಲುಬಿನ ಅಂಚು ನೋಡಿ. ಚೂಪಾಗಿ ಕೊಕ್ಕಿನಂತೆ ಬೆಳೆದಿದ್ದರೆ ಅದು ಆಸ್ಟಿಯೋಫೈಟ್. ಸಂದಿನ ಕೆಳಗಿನ ಎಲುಬು ಜಾಸ್ತಿ ಬೆಳ್ಳಗೆ ಕಂಡರೆ, ಗುದ್ದಲಿ ಹಿಡಿದ ಅಂಗೈ ದಡ್ಡುಗಟ್ಟುವ ಹಾಗೆ ಭಾರ ತಿಂದು ಅದು ಗಟ್ಟಿಯಾಗಿದೆ. ಕಾರ್ಟಿಲೇಜಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ಅದಕ್ಕೇ ಅದು ಸವೆಯುವಾಗ ಗೊತ್ತಾಗುವುದಿಲ್ಲ, ಸವೆದ ಮೇಲೆ ಮತ್ತೆ ಸರಿಯಾಗಿ ಬೆಳೆಯುವುದೂ ಇಲ್ಲ. ನೋವು ಬರುವುದು ಕೆಳಗಿನ ಎಲುಬಿನಿಂದ, ಬಾತ ಕೀಲುಪೊರೆಯಿಂದ. "ಕಾರ್ಟಿಲೇಜ್ ಬೆಳೆಸುವ ಗುಳಿಗೆ" ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.

ರಿಪೋರ್ಟಿನಲ್ಲಿ 'ಗ್ರೇಡ್' ಅಂತ ಇರುತ್ತದೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಮಾಡಿದ 0ರಿಂದ 4ರವರೆಗಿನ ಅಳತೆ ಅದು. 2 ಅಂದರೆ ಕೊಕ್ಕು ಖಚಿತ, 4 ಅಂದರೆ ಸಂದು ಬಹುತೇಕ ಮುಚ್ಚಿ ಎಲುಬಿನ ಆಕಾರವೇ ಕೆಟ್ಟಿದೆ. ಆದರೆ ಗ್ರೇಡ್ 4 ಇದ್ದೂ ಗಂಜ್ ಮಾರ್ಕೆಟ್‌ಗೆ ನಡೆದು ಹೋಗಿ ಬರುವವರಿದ್ದಾರೆ. ಗ್ರೇಡ್ 2ಕ್ಕೇ ಮೆಟ್ಟಿಲು ಹತ್ತಲಾಗದವರೂ ಇದ್ದಾರೆ. ನಂಬರ್ ನೋಡಿ ಹೆದರಬೇಡಿ.

ಆಳಂದ ಕಡೆಯ ಒಬ್ಬ ಆಯಿಯ ಫಿಲ್ಮ್ ನನಗೆ ಚೆನ್ನಾಗಿ ನೆನಪಿದೆ. ಒಳಪಕ್ಕದ ಸಂದು ಕೂದಲೆಳೆಯಷ್ಟು, ಹೊರಪಕ್ಕ ಅಗಲ. ನೆಲದ ಮೇಲೆ ಒಂದು ಕಾಲು ಮಡಚಿ ಕೂತು ರೊಟ್ಟಿ ಬಡಿಯುತ್ತಿದ್ದರು. ಏಳುವಾಗ ಎರಡೂ ಕೈ ಮೊಣಕಾಲಿಗೆ ಒತ್ತಿ ಏಳುತ್ತಿದ್ದರು. ಮೊಮ್ಮಗ ಇಟ್ಟಿಗೆ ಮೇಲೆ ಶಹಾಬಾದ್ ಕಲ್ಲು ಹಾಸಿ ಸೊಂಟದೆತ್ತರದ ಕಟ್ಟೆ ಮಾಡಿಕೊಟ್ಟ. ಈಗ ನಿಂತೇ ಬಡಿಯುತ್ತಾರೆ. ಕಾಲಿನ ಬಾಗು ಹಾಗೇ ಇದೆ, ಸಂಜೆಯ ಬಾವು ಮಾತ್ರ ಇಳಿದಿದೆ. ನಿಮ್ಮ ಮನೆಯಲ್ಲೂ ಇಂಥದ್ದನ್ನೇ ಮೊದಲು ಮಾಡಿ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತನ್ನಿ. ತೊಗರಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕಳೆ ಕೀಳುವ ಬದಲು ಸ್ಟೂಲ್ ಒಯ್ಯಿರಿ.

ತೊಡೆಯ ಸ್ನಾಯು ಗಟ್ಟಿಯಾದರೆ ನೋವು ಕಡಿಮೆಯಾಗುತ್ತದೆ. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ನೆಲಕ್ಕೆ ಒತ್ತಿ 5 ಸೆಕೆಂಡ್ ಹಿಡಿಯಿರಿ. ಹತ್ತು ಸಲ, ದಿನಕ್ಕೆ ಎರಡು ಬಾರಿ. ಸುಮ್ನೆ ಟಿವಿ ನೋಡುವಾಗಲೂ ಆಗುತ್ತದೆ. ತೂಕ ಇಳಿಸಿ, 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು 4 ಕೆಜಿ ಭಾರ ಇಳಿಯುತ್ತದೆ. ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಬಹಳ ಜನ ನೋವಿನ ಕಡೆಯೇ ಹಿಡಿಯುತ್ತಾರೆ. ಚಪ್ಪಲಿಯ ಒಂದು ಪಕ್ಕ ಎತ್ತರಿಸುವ ಇನ್‌ಸೋಲ್‌ನಿಂದ ನೋವು ಇಳಿಯುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ನೋವಿನ ಗುಳಿಗೆಯನ್ನು ಬಿಪಿ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತಿನ್ನಬಾರದು.

ಮಕ್ಕಳ ಕಾಲು ಬಾಗಿದ್ದರೆ ಲೆಕ್ಕ ಬೇರೆ. ಎರಡು ವರ್ಷದ ತನಕ ಹೊರಬಾಗು, ಮೂರು–ನಾಲ್ಕಕ್ಕೆ ಒಳಬಾಗು ಸಾಮಾನ್ಯ. ಅದಾದ ಮೇಲೂ ಬಾಗು ಹೆಚ್ಚುತ್ತಾ ಹೋದರೆ ಡಾಕ್ಟರಿಗೆ ತೋರಿಸಿ. ಯಾದಗಿರಿ, ಕಲಬುರಗಿಯ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದೂ ಮಕ್ಕಳ ಎಲುಬು ಬಾಗಿಸುತ್ತದೆ. ನೀರು ಪರೀಕ್ಷೆ ಮಾಡಿಸಿ; ಲೀಟರಿಗೆ 1.5 ಮಿ.ಗ್ರಾಂ. ದಾಟಿದರೆ ಅದನ್ನು ಕುಡಿಸಬೇಡಿ.

ವಯಸ್ಸು ಕಡಿಮೆ ಇದ್ದು ಒಂದೇ ಪಕ್ಕ ಸವೆದಿದ್ದರೆ, ಮೊಣಕಾಲ ಕೆಳಗಿನ ಎಲುಬನ್ನು ಕತ್ತರಿಸಿ ಕಾಲು ನೆಟ್ಟಗೆ ಮಾಡುವ ಆಪರೇಷನ್ ಇದೆ. ಪೂರ್ತಿ ಸವೆದವರಿಗೆ ಕೀಲು ಬದಲಿ. ಎರಡಕ್ಕೂ ಮುಂಚೆ ಸೊಂಟದಿಂದ ಪಾದದವರೆಗಿನ ಉದ್ದದ ಎಕ್ಸ್‌ರೇ ಕೇಳುತ್ತಾರೆ. ಮೊಣಕಾಲು ಒಮ್ಮೆಲೇ ಬಿಸಿಯಾಗಿ ಊದಿ ಜ್ವರ ಬಂದರೆ, ಮಡಚಿದ ಕಾಲು ಬಿಡಿಸಲು ಬಾರದೆ ಸಿಕ್ಕಿಕೊಂಡರೆ ಕಾಯಬೇಡಿ, ಅದೇ ದಿನ ಹೋಗಿ. ಹೋಗುವಾಗ ಹಳೆಯ ಫಿಲ್ಮನ್ನೂ ಫೋಟೊಗಳನ್ನೂ ಒಯ್ಯಿರಿ, ಬರೀ ರಿಪೋರ್ಟ್ ಹಾಳೆ ಸಾಲದು.